ಕುಂದಗೋಳದ ನೀರಿನ ಕೊಡ

ಯಮನೂರಿನ ಚಾಂಗದೇವರ ಜಾತ್ರೆಯಲ್ಲಿ ಬೆಣ್ಣಿಹಳ್ಳದ ನೀರಿಗಿಳಿದು ಮುಳುಗೇಳುವ ಭಕ್ತರನ್ನು ನಾನು ಬಾಲ್ಯದಿಂದಲೂ ಕಂಡವನು. ಹಿಂದೂ, ಮುಸ್ಲಿಂ ಎನ್ನದೆ ಬರುತ್ತಾರೆ. ಮೈಯ ರೋಗ ಕಳೆಯುತ್ತದೆ, ನೀರಿನಿಂದಲೇ ದೀಪ ಉರಿಯುತ್ತದೆ ಎಂಬುದು ಅವರ ನಂಬಿಕೆ. ಸೇವೆಯಲ್ಲಿದ್ದಾಗ, ಸಂಜೆಯ ಮದ್ಯ ಚಟವಾಗಿ ಮನೆಯವರ ಮುಖ ನೋಡಲಾಗದಂತಾದ ದಿನಗಳಲ್ಲಿ, ನಾನೂ ಅಲ್ಲಿ ಮುಳುಗಿ ಎದ್ದೆ. ಎಂಟು ದಿನವೂ ಕಳೆಯಲಿಲ್ಲ, ಹಳೆಯ ದಾರಿ ಹಿಡಿದಿದ್ದೆ. ಆಗ ನನಗೆ ಆಸರೆಯಾದದ್ದು ನಮ್ಮದೇ ಜಿಲ್ಲೆಯ ಕುಂದಗೋಳದಲ್ಲಿ ಪಳಗಿದ ಒಂದು ಕಂಠ, ಮತ್ತು ಅದರ ಹಿಂದಿನ ಬದುಕು.

ಭೀಮಸೇನ ಜೋಶಿಯವರು 1922ರಲ್ಲಿ ಜನಿಸಿದರು, ಊರು ರೋಣ. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಗೆ ಮರುಳಾಗಿ 11ನೇ ವಯಸ್ಸಿನಲ್ಲಿ ಗುರುವನ್ನು ಅರಸುತ್ತ ಮನೆ ಬಿಟ್ಟರು. ಗ್ವಾಲಿಯರ್ ಮುಂತಾಗಿ ಅಲೆದು ಜಲಂಧರ ತಲುಪಿದಾಗ, ಖಾನರ ಶಿಷ್ಯ ಸವಾಯಿ ಗಂಧರ್ವರು ತನ್ನ ಸೀಮೆಯಲ್ಲೇ ಇರುವ ಸಂಗತಿಯನ್ನು ವಿನಾಯಕರಾವ್ ಪಟವರ್ಧನರು ತಿಳಿಸಿದರು. 1936ರಲ್ಲಿ ಕುಂದಗೋಳಕ್ಕೆ ಬಂದ ಹುಡುಗನಿಗೆ ಮೊದಲು ದೊರೆತದ್ದು ರಾಗವಲ್ಲ, ನೀರಿನ ಕೊಡ. ಗುರುವಿನ ಮನೆಗೆ ನೀರು ಹೊರುವುದು, ಚಾಕರಿ ಮಾಡುವುದು, ಬಳಿಕ ಗಂಟೆಗಟ್ಟಲೆ ಸ್ವರಸಾಧನೆ. ವರ್ಷಗಳ ಕಾಲ ಅದೇ ದಿನಚರಿ.

ಇಪ್ಪತ್ತು ತುಂಬಿದಾಗ ಮೊದಲ ಧ್ವನಿಮುದ್ರಿಕೆ ಬಂತು. ಗುರುಗಳ ನಿಧನಾನಂತರ, 1953ರಲ್ಲಿ ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಆರಂಭವಾಯಿತು. ಕಿರಾನಾ ಘರಾಣೆ ದೇಶದ ಮನೆಮಾತಾಯಿತು. ಖ್ಯಾತಿ ಏರುತ್ತಿದ್ದಾಗಲೇ ಮದ್ಯ ಅವರನ್ನು ಕೆಳಕ್ಕೆಳೆಯಿತು. ಕಛೇರಿಗಳಿಗೂ ಅದರ ಪೆಟ್ಟು ತಗಲಿತು, ಅಭಿಮಾನಿಗಳು ಮರುಗಿದರು. 1970ರ ದಶಕದ ಕೊನೆಯ ಹೊತ್ತಿಗೆ ಅವರು ಆ ಚಟದಿಂದ ಹೊರಬಂದರು. ಆಗ ವಯಸ್ಸು ಐವತ್ತು ದಾಟಿತ್ತು. ದಾಸವಾಣಿ ಮತ್ತು ಅಭಂಗಗಳ ಮೂಲಕ ಶಾಸ್ತ್ರ ತಿಳಿಯದ ಮನೆಗಳನ್ನೂ ತಲುಪಿದರು. 1988ರಲ್ಲಿ ದೂರದರ್ಶನದ ಭಾವೈಕ್ಯ ಗೀತೆಯಿಂದ ಮಕ್ಕಳಿಗೂ ಪರಿಚಿತರಾದರು. 2008ರಲ್ಲಿ ಭಾರತರತ್ನ ಘೋಷಣೆಯಾಯಿತು. 2011ರ ಜನವರಿ 24ರಂದು ಪುಣೆಯಲ್ಲಿ ತೀರಿಕೊಂಡರು.

ಅರ್ಥಶಾಸ್ತ್ರ ಓದಿದ ನನಗೆ ಚಟದ ಲೆಕ್ಕ ಅಪರಿಚಿತವಲ್ಲ. ಇಂದಿನ ಸುಖವನ್ನು ನಾವು ಹಿಗ್ಗಿಸಿ ಕಾಣುತ್ತೇವೆ, ನಾಳೆಯ ನಷ್ಟವನ್ನು ಕುಗ್ಗಿಸಿ ಕಾಣುತ್ತೇವೆ. ಒಂದು ದಿನದ ಶಪಥದಿಂದ ಈ ತಪ್ಪು ಲೆಕ್ಕ ತಿದ್ದುಪಡಿಯಾಗುವುದಿಲ್ಲ, ಪ್ರತಿನಿತ್ಯ ತಿದ್ದಬೇಕು. ನೀರು ಹೊತ್ತು, ಸ್ವರ ಹಚ್ಚಿ ಬೆಳೆದವನಿಗೆ ಬಿದ್ದ ಮೇಲೂ ಹಿಂದಿರುಗಲು ಒಂದು ದಿನಚರಿಯಿತ್ತು ಎಂದೇ ನನಗೆ ತೋರುತ್ತದೆ. ನನಗೆ ಅದಿರಲಿಲ್ಲ, ಕಟ್ಟಿಕೊಳ್ಳಬೇಕಾಯಿತು. ಮೊದಲು ವೈದ್ಯರು, ಏಕೆಂದರೆ ಬಹುಕಾಲದ ಕುಡಿತವನ್ನು ತಟ್ಟನೆ ನಿಲ್ಲಿಸುವುದು ಜೀವಕ್ಕೇ ಅಪಾಯ. ಬಳಿಕ ಬೆಳಗಿನ ನಡಿಗೆ, ಹೊತ್ತಿಗೆ ಸರಿಯಾಗಿ ಊಟ, ಮದ್ಯದ ಹೊತ್ತಿಗೆ ಆಕಾಶವಾಣಿಯ ಸಂಗೀತ. ನಡುವೆ ಎರಡು ಬಾರಿ ಎಡವಿದೆ. ಮರುದಿನ ಮತ್ತೆ ನಡೆಯಲು ಹೋದೆ.

ಚಟವನ್ನು ಶೀಲದ ಕೊರತೆಯೆಂದು ಜರೆಯುವ ನಮ್ಮ ಮಧ್ಯಮವರ್ಗದ ಮನೆಗಳು ಅದನ್ನು ಬಚ್ಚಿಟ್ಟೇ ಬೆಳೆಸುತ್ತವೆ. ಅದು ಕಾಯಿಲೆ, ಧಾರವಾಡದ ಡಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಅದಕ್ಕೆ ಚಿಕಿತ್ಸೆಯಿದೆ. ಯಮನೂರಿಗೆ ನಾನು ಈಗಲೂ ಹೋಗುತ್ತೇನೆ. ಹಳ್ಳದಿಂದ ಮೇಲೇರಿ ಬರುವವರ ಮುಖದಲ್ಲಿನ ನಿರಾಳತೆ ಸುಳ್ಳಲ್ಲ. ಮರುದಿನದ ಬೆಳಗಿಗೆ ಅವರ ಕೈಗೊಂದು ಕೊಡ ಸಿಗಲಿ ಎಂದಷ್ಟೇ ಹಾರೈಸುತ್ತೇನೆ.