ಬಿ.ಎಚ್. ರಸ್ತೆಯಲ್ಲಿ ನರಭಕ್ಷಕ ಹುಲಿ ಹುಡುಕಿಕೊಂಡು ಬಂದಿದ್ದ ಆಂಡರ್ಸನ್

ಸೋಗಾನೆ: ಈಗ ನಮ್ಮೂರಿನ ಹೆಸರು ಹೇಳಿದರೆ ಜನ ಏರ್‌ಪೋರ್ಟ್ ಅಂತಾರೆ. ವಿಮಾನ ಇಳಿಯೋದಕ್ಕೂ ಎಷ್ಟೋ ವರ್ಷ ಮೊದಲು, ಬೆಂಗಳೂರಿಂದ ಚೋರಡಿ, ತ್ಯಾಗರ್ತಿ ಕಡೆ ಹೋಗುವವರಿಗೆ ತರೀಕೆರೆ, ಭದ್ರಾವತಿ ದಾಟಿ ಬರುವ ಬಿ.ಎಚ್. ರಸ್ತೆಯೇ ದಾರಿ. ರಜೆ ಹಾಕಿ, ಕಾರಿನಲ್ಲಿ ಕೋವಿ ಇಟ್ಟುಕೊಂಡು ಶಿವಮೊಗ್ಗದ ಕಾಡಿಗೆ ಬರುತ್ತಿದ್ದವರಲ್ಲಿ ಒಬ್ಬರು ಕೆನೆತ್ ಆಂಡರ್ಸನ್.

ಕಾಡುಪ್ರಾಣಿ ಊರಿಗೆ ನುಗ್ಗಿದರೆ ಇವತ್ತು ಅರಣ್ಯ ಇಲಾಖೆಗೆ ಫೋನ್ ಹೋಗುತ್ತೆ. ಬೋನು ಬರುತ್ತೆ, ಅರಿವಳಿಕೆ ಕೊಡೋ ಡಾಕ್ಟರ್ ಬರ್ತಾರೆ, ಆನೆ ಕಾಟವಾದರೆ ಸಕ್ರೆಬೈಲಿನ ಆನೆಗಳೇ ಹೊರಡುತ್ತವೆ. ಆಗ ಇದ್ಯಾವುದೂ ಇರಲಿಲ್ಲ. ಹುಲಿ ಮನುಷ್ಯರನ್ನು ಹಿಡಿಯೋಕೆ ಶುರು ಮಾಡಿದರೆ ಸರ್ಕಾರ ಅದನ್ನು ನರಭಕ್ಷಕ ಅಂತ ಘೋಷಿಸುತ್ತಿತ್ತು. ಹೊಡೆಯುವ ಕೆಲಸ ಕೋವಿ ಇದ್ದ ಖಾಸಗಿ ಜನರದ್ದು.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಹೈದರಾಬಾದ್ ಹತ್ತಿರದ ಬೊಲಾರಂನಲ್ಲಿ. ಸ್ಕಾಟ್ಲೆಂಡ್ ಮೂಲದ ಕುಟುಂಬ. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಆಮೇಲೆ ಸೇಂಟ್ ಜೋಸೆಫ್ ಕಾಲೇಜು. ಕಾನೂನು ಓದಲಿ ಅಂತ ಎಡಿನ್‌ಬರೋಗೆ ಕಳಿಸಿದರೆ ಅರ್ಧಕ್ಕೇ ಬಿಟ್ಟು ವಾಪಸ್ ಬಂದರು. ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಹದಿನೈದು ವರ್ಷ ಕೆಲಸ, ನಂತರ ಬೆಂಗಳೂರಿನ ವಿಮಾನ ಕಾರ್ಖಾನೆ. ಸಂಬಳ ಬರುತ್ತಿದ್ದದ್ದು ಅಲ್ಲಿಂದ. ಹುಲಿ ಕೆಲಸಕ್ಕೆ ಯಾರೂ ಸಂಬಳ ಕೊಟ್ಟಿಲ್ಲ.

1939ರಿಂದ 1966ರ ನಡುವೆ 7 ನರಭಕ್ಷಕ ಹುಲಿ, 8 ನರಭಕ್ಷಕ ಚಿರತೆಗಳನ್ನು ಹೊಡೆದ ಲೆಕ್ಕ ಅವರ ಹೆಸರಲ್ಲಿದೆ. ಇನ್ನೂ ಜಾಸ್ತಿ ಅನ್ನುವವರೂ ಇದ್ದಾರೆ. ಶಿಕಾರಿ ಕಥೆ ಬಾಯಿಂದ ಬಾಯಿಗೆ ಬೆಳೆಯೋದು ಮಲೆನಾಡಿನವರಿಗೆ ಹೊಸದಲ್ಲ ಬಿಡಿ.

ಅವರ ಹೆಸರು ದೊಡ್ಡದಾಗಿದ್ದು ಗುಮ್ಮಳಾಪುರದ ಚಿರತೆಯಿಂದ. ಗುಮ್ಮಳಾಪುರ ಈಗ ತಮಿಳುನಾಡಿನಲ್ಲಿದೆ, ಆದರೂ ಕನ್ನಡ ಮಾತಾಡುವ ಗಡಿ ಊರು. ಆ ಒಂದು ಚಿರತೆ ಸುತ್ತಮುತ್ತ 42 ಜನರನ್ನು ಕೊಂದಿತ್ತು. ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕಿ ಹಿಂದೆ ಸಾಮಾನು ಒತ್ತಿಡುವ ಪರಿಸ್ಥಿತಿ. ಮನುಷ್ಯರ ರುಚಿ ಹತ್ತಿದ ಚಿರತೆ ಆಡು ಕಟ್ಟಿದರೆ ಬರಬೇಕು ಅಂತೇನಿಲ್ಲ. ರಾತ್ರಿಗಟ್ಟಲೆ ಕಾದು ಬರಿಗೈಲಿ ಎದ್ದದ್ದೇ ಹೆಚ್ಚು. ಕೊನೆಗೆ ಜೀವ ಉಳಿಸಿದ್ದು ಊರಿನ ಒಂದು ಬಡಕಲು ನಾಯಿ. ಕತ್ತಲಲ್ಲಿ ಒಂದೇ ಕಡೆ ದಿಟ್ಟಿಸಿ ಗುರುಗುಟ್ಟಿ ಚಿರತೆ ಬಂದಿದ್ದನ್ನು ತೋರಿಸಿಕೊಟ್ಟಿತು. ಆಂಡರ್ಸನ್ ಗುಂಡು ಹಾರಿಸಿದರು, ನಾಯಿಯನ್ನು ತಮ್ಮ ಮನೆಗೇ ಕರಕೊಂಡು ಹೋದರು. ನಿಪ್ಪರ್ ಅಂತ ಹೆಸರಿಟ್ಟರು.

ಸತ್ತ ಚಿರತೆಯ ಪಾದದಲ್ಲಿ ಮುಳ್ಳುಹಂದಿಯ ಮುಳ್ಳು ಮುರಿದು ಕೂತಿತ್ತು. ಅಲ್ಲೇ ಇರೋದು ವಿಷಯ. ಕಾಲು ನೋಯುವ ಪ್ರಾಣಿ ಜಿಂಕೆ ಹಿಂದೆ ಓಡಲಾರದು. ಸುಲಭಕ್ಕೆ ಸಿಗುವುದು ಮನುಷ್ಯ. ಒಂದು ಪ್ರಾಣಿ ಯಾಕೆ ಹೀಗಾಯಿತು ಅಂತ ಆಂಡರ್ಸನ್ ಪ್ರತಿ ಸಲ ಹುಡುಕುತ್ತಿದ್ದರು. ಎಷ್ಟೋ ಸಲ ಉತ್ತರ ಹಳೇ ಗುಂಡೇಟು. ಹೊಲ ಕಾಯುವವರೋ ಕಳ್ಳಬೇಟೆಯವರೋ ನಾಡಕೋವಿಯಲ್ಲಿ ಅರೆಬರೆ ಹೊಡೆದು ಬಿಟ್ಟ ಹುಲಿಯ ಸಿಟ್ಟು ಬೀಳುತ್ತಿದ್ದುದು ಸೌದೆಗೆ ಹೋದ ಹೆಂಗಸಿನ ಮೇಲೆ, ದನ ಕಾಯೋ ಹುಡುಗನ ಮೇಲೆ. ಹೊಡೆದವನು ಆರಾಮಾಗಿ ಮನೇಲಿರುತ್ತಿದ್ದ!

ನಮ್ಮ ಜಿಲ್ಲೆಗೂ ಅವರಿಗೂ ನಂಟು ಜಾಸ್ತಿ. 1954ರಲ್ಲಿ ಬಂದ ಅವರ ಮೊದಲ ಪುಸ್ತಕದಲ್ಲೇ ಸಾಗರ ತಾಲೂಕಿನ ತ್ಯಾಗರ್ತಿಯ ಹುಲಿಗಳ ಬಗ್ಗೆ ಒಂದು ಅಧ್ಯಾಯ ಇದೆ. ಕುಂಸಿ ಪಕ್ಕದ ಚೋರಡಿಯ ಹುಲಿ ಇನ್ನೊಂದು ಕಥೆ. ಆ ಹುಲಿಗೆ ಕುತ್ತಿಗೆ ಸುತ್ತ ಸಿಂಹದ ಹಾಗೆ ಕೂದಲಿತ್ತಂತೆ. ಕಡೂರು ಕಡೆಯ ಎಮ್ಮೆದೊಡ್ಡಿ, ಪಕ್ಕದ ಜಿಲ್ಲೆಯ ಹೊಸದುರ್ಗ, ಹೊಳಲ್ಕೆರೆಯ ಹುಲಿಗಳೂ ಅವರ ಪುಸ್ತಕದಲ್ಲಿವೆ. ಅರಸೀಕೆರೆ ಕಡೆಯ ಒಂದು ಕರಡಿ ಮಾತ್ರ ಎಲ್ಲಕ್ಕಿಂತ ಭಯಂಕರ. ಅದು ಹನ್ನೆರಡು ಜನರನ್ನಾದರೂ ಕೊಂದಿತ್ತು, ಇನ್ನೆಷ್ಟೋ ಜನರ ಮುಖ ಕಿತ್ತುಹಾಕಿತ್ತು.

ಕೆಲಸ ಅವರೊಬ್ಬರದೇ ಆಗಿರಲಿಲ್ಲ. ಹೆಜ್ಜೆ ಗುರುತು ಓದೋದು, ಹುಲಿ ಯಾವ ಹಳ್ಳದಲ್ಲಿ ಇಳಿಯುತ್ತೆ ಅನ್ನೋದು, ಅಟ್ಟಣಿಗೆ ಯಾವ ಮರದಲ್ಲಿ ಕಟ್ಟಬೇಕು ಅನ್ನೋದು, ಇದೆಲ್ಲ ಗೊತ್ತಿದ್ದುದು ಕಾಡಿನ ಜನಕ್ಕೆ. ಕಳ್ಳಬೇಟೆಯಲ್ಲಿ ಪಳಗಿದ್ದ ಬೈರ ಪೂಜಾರಿ ಅವರಿಗೆ ಗುರುವಿನ ಹಾಗಿದ್ದ, ಗೆಳೆಯನೂ ಹೌದು. ಬೈರನ ಹೆಸರಲ್ಲೇ ಒಂದು ಅಧ್ಯಾಯ ಬರೆದಿದ್ದಾರೆ. ಆ ಕಾಲದ ಎಷ್ಟು ದೊರೆಗಳು ಹೀಗೆ ಬರೆದಾರು?

ಅವರ ಕಥೆಗಳಲ್ಲಿ ಎಲ್ಲವೂ ನಡೆದದ್ದೇನಾ ಅನ್ನೋ ಅನುಮಾನ ಹಿಂದಿನಿಂದಲೂ ಇದೆ. ರಾತ್ರಿ ಕಾಡಿನಲ್ಲಿ ಒಬ್ಬರೇ ಕೂತವರಿಗೆ ಸಾಕ್ಷಿ ಎಲ್ಲಿಂದ ಬರಬೇಕು? ಊರುಗಳ ಹೆಸರು, ರಸ್ತೆ, ಹಳ್ಳ ಮಾತ್ರ ನಮ್ಮವೇ.

ವಯಸ್ಸಾದಂತೆ ಕೋವಿ ಹಿಂದೆ ಸರಿದು ಕಾಡು ಉಳಿಸುವ ಮಾತು ಮುಂದೆ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಇಲ್ಲದೆ ನರಭಕ್ಷಕವನ್ನೂ ಬೇಟೆಯಾಡುವಂತಿಲ್ಲ. 1974ರ ಆಗಸ್ಟ್ 30ರಂದು ಆಂಡರ್ಸನ್ ಬೆಂಗಳೂರಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ಕನ್ನಡಕ್ಕೆ ಅವರನ್ನು ತಂದವರು ನಮ್ಮ ಜಿಲ್ಲೆಯ ಕುಪ್ಪಳಿಯ ಪೂರ್ಣಚಂದ್ರ ತೇಜಸ್ವಿ. ಕಾಡಿನ ಕಥೆಗಳು ಮಾಲೆಯ ಮೊದಲ ಪುಸ್ತಕ ಬೆಳ್ಳಂದೂರಿನ ನರಭಕ್ಷಕ. ಇಂಗ್ಲಿಷ್ ಬಾರದ ಮಲೆನಾಡಿನ ಮನೆಗಳಲ್ಲೂ ಆಂಡರ್ಸನ್ ಹೆಸರು ಗೊತ್ತಿರುವುದು ಅದರಿಂದಲೇ.