ಐಡಿ ಕಾರ್ಡ್ ಹಿಂದಿನ ಆ ಒಂದು ಸಾಲು: ಕಾರ್ಲ್ ಲ್ಯಾಂಡ್‌ಸ್ಟೈನರ್

ನಮ್ಮ ಐಡಿ ಕಾರ್ಡ್ ಹಿಂದೆ ಬ್ಲಡ್ ಗ್ರೂಪ್ ಅಂತ ಒಂದು ಸಾಲು ಇರುತ್ತೆ. ಎ, ಬಿ, ಎಬಿ ಅಥವಾ ಓ, ಪಕ್ಕದಲ್ಲಿ ಪ್ಲಸ್ ಇಲ್ಲವೇ ಮೈನಸ್. ಈ ಸಾಲಿನ ಹಿಂದೆ ಮುಖ್ಯವಾಗಿ ಒಬ್ಬ ವಿಜ್ಞಾನಿಯ ಕೆಲಸ ಇದೆ. ಅವರೇ ಕಾರ್ಲ್ ಲ್ಯಾಂಡ್‌ಸ್ಟೈನರ್.

ಅವರು ಹುಟ್ಟಿದ್ದು 1868ರ ಜೂನ್ 14ರಂದು, ಆಸ್ಟ್ರಿಯಾದ ಯಹೂದಿ ಕುಟುಂಬದಲ್ಲಿ. ಪತ್ರಕರ್ತರಾಗಿದ್ದ ತಂದೆ ಮಗನಿಗೆ ಆರು ವರ್ಷ ಇದ್ದಾಗ ತೀರಿಕೊಂಡರು, ತಾಯಿಯೇ ಬೆಳೆಸಿದರು. 1891ರಲ್ಲಿ ವಿಯೆನ್ನಾದಲ್ಲಿ ವೈದ್ಯ ಪದವಿ ಪಡೆದರೂ ಅವರ ಮನಸ್ಸು ಲ್ಯಾಬ್ ಕಡೆಗೇ ಇತ್ತು. ಹಾಗಾಗಿ ಮತ್ತೆ ಕೆಮಿಸ್ಟ್ರಿ ಕಲಿಯೋಕೆ ಹೋದರು.

ಆಗ ರಕ್ತ ಕೊಡೋದು ಅಂದ್ರೆ ಜೂಜು ಇದ್ದಂಗೆ. ಒಬ್ಬ ರೋಗಿ ಬದುಕುತ್ತಿದ್ದ, ಇನ್ನೊಬ್ಬ ಸಾಯುತ್ತಿದ್ದ, ಕಾರಣ ಗೊತ್ತಿರಲಿಲ್ಲ. ಇಬ್ಬರ ರಕ್ತ ಬೆರೆಸಿದಾಗ ಕೆಲವು ಸಲ ಕಣಗಳು ಗಂಟು ಕಟ್ಟುತ್ತಿದ್ದವು. ಅದು ಕಾಯಿಲೆಯಿಂದ ಆಗುತ್ತೆ ಅಂತ ಹಲವರು ನಂಬಿದ್ದರು. ಲ್ಯಾಂಡ್‌ಸ್ಟೈನರ್ ಆರೋಗ್ಯವಂತರ ರಕ್ತವನ್ನೇ ತಗೊಂಡರು. ತಮ್ಮದೂ ಸೇರಿ ಲ್ಯಾಬಿನ ಆರು ಜನರ ರಕ್ತದಲ್ಲಿ ಕೆಂಪು ಕಣ ಮತ್ತು ಸೀರಂ ಬೇರೆ ಮಾಡಿ, ಪ್ರತಿಯೊಬ್ಬರದನ್ನೂ ಉಳಿದವರದರ ಜೊತೆ ಬೆರೆಸಿ ಟೇಬಲ್ ಬರೆದರು. ಕೆಲವು ಜೋಡಿ ಮಾತ್ರ ಗಂಟು ಕಟ್ಟಿದವು, ಅದರಲ್ಲೊಂದು ಪ್ಯಾಟರ್ನ್ ಇತ್ತು. 1901ರಲ್ಲಿ ಮೂರು ಗುಂಪುಗಳನ್ನು ಪ್ರಕಟಿಸಿದರು: ಎ, ಬಿ, ಸಿ. ಈ ಸಿ ಮುಂದೆ ಓ ಆಯಿತು. ಮರುವರ್ಷ ಅವರ ಸಹೋದ್ಯೋಗಿಗಳಿಗೆ ಎಬಿ ಸಿಕ್ಕಿತು.

ಆದರೆ ಜಗತ್ತು ಕೂಡಲೇ ಬದಲಾಗಲಿಲ್ಲ. 1907ರಲ್ಲಿ ನ್ಯೂಯಾರ್ಕಿನ ರೂಬೆನ್ ಒಟೆನ್‌ಬರ್ಗ್ ಮೊದಲು ಟೆಸ್ಟ್ ಮಾಡಿ ನಂತರ ರಕ್ತ ಕೊಟ್ಟರು. ಮೊದಲ ಮಹಾಯುದ್ಧ ಮುಗಿದಾಗ ವಿಯೆನ್ನಾದಲ್ಲಿ ಬದುಕೋದೇ ಕಷ್ಟ ಆಯಿತು. ಲ್ಯಾಂಡ್‌ಸ್ಟೈನರ್ ನೆದರ್‌ಲ್ಯಾಂಡ್ಸ್‌ಗೆ ಹೋಗಿ ಹೇಗ್ ನಗರದ ಸಣ್ಣ ಆಸ್ಪತ್ರೆಯೊಂದರಲ್ಲಿ ದಿನವೂ ಮೂತ್ರ, ರಕ್ತದ ಮಾಮೂಲಿ ಟೆಸ್ಟ್ ಮಾಡುತ್ತಾ ಕೂತರು. ರಿಸರ್ಚ್ ಮಾತ್ರ ಬಿಡಲಿಲ್ಲ. ಆಮೇಲೆ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆ ಕರೆಯಿತು. 1930ರಲ್ಲಿ ನೊಬೆಲ್ ಬಂತು. 1940ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅಲೆಕ್ಸಾಂಡರ್ ವೀನರ್ ಜೊತೆ ಆರ್‌ಎಚ್ ಫ್ಯಾಕ್ಟರ್ ಪ್ರಕಟಿಸಿದರು. ನಮ್ಮ ಕಾರ್ಡಿನ ಪ್ಲಸ್, ಮೈನಸ್ ಬಂದದ್ದು ಅಲ್ಲಿಂದ. 1943ರಲ್ಲಿ ಲ್ಯಾಬಿನಲ್ಲಿ ಕೆಲಸ ಮಾಡುವಾಗಲೇ ಹೃದಯಾಘಾತವಾಗಿ, ಎರಡು ದಿನದ ನಂತರ ಜೂನ್ 26ರಂದು ತೀರಿಕೊಂಡರು.

ನೊಬೆಲ್ ಭಾಷಣದಲ್ಲೇ ಅವರು ಅಂಗಾಂಶ ಕಸಿಯ ಬಗ್ಗೆಯೂ ಮಾತಾಡಿದ್ದರು. ಆ ದಾರಿಯಲ್ಲಿ ಮುಂದೆ ಬೇರೆಯವರು ಎಚ್‌ಎಲ್‌ಎ ಅನ್ನೋ ಗುರುತುಗಳನ್ನು ಕಂಡುಹಿಡಿದರು. ಇವತ್ತು ಸ್ಟೆಮ್ ಸೆಲ್ ಕಸಿಗೆ ಮುಖ್ಯವಾಗಿ ಮ್ಯಾಚ್ ಆಗಬೇಕಾದದ್ದು ಎಚ್‌ಎಲ್‌ಎ, ಬ್ಲಡ್ ಗ್ರೂಪ್ ಬೇರೆ ಇದ್ದರೂ ನಡೆಯುತ್ತೆ. ಕಸಿ ಯಶಸ್ವಿಯಾದರೆ ರೋಗಿಯ ಬ್ಲಡ್ ಗ್ರೂಪೇ ನಿಧಾನವಾಗಿ ದಾನಿಯದ್ದಾಗಿ ಬದಲಾಗುತ್ತೆ!

ಇಷ್ಟೆಲ್ಲಾ ಗೊತ್ತಾದ ಮೇಲೂ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ರೆಡ್ ಕ್ರಾಸ್ ಕರಿಯರ ರಕ್ತವನ್ನೂ ಬಿಳಿಯರ ರಕ್ತವನ್ನೂ ಬೇರೆ ಬೇರೆ ಇಡುತ್ತಿತ್ತು. ಅದು ನಿಂತದ್ದು 1950ರಲ್ಲಿ. ಲ್ಯಾಂಡ್‌ಸ್ಟೈನರ್ ತೋರಿಸಿದ ವ್ಯತ್ಯಾಸ ನಿಜ, ಆದರೆ ಅದು ಜನ ಎಳೆದ ಗೆರೆಗಳ ಮೇಲೆ ಇರಲೇ ಇಲ್ಲ. ಒಂದೇ ಮನೆಯ ಅಣ್ಣ ತಮ್ಮನ ರಕ್ತ ಕೂಡದೇ ಇರಬಹುದು, ಗುರುತೇ ಇಲ್ಲದವನದು ಕೂಡಬಹುದು.

ಇದು ನಮ್ಮ ಜಿಲ್ಲೆಗೆ ಹೊಸ ಮಾತೇನಲ್ಲ. ಹುಟ್ಟಿನಿಂದ ಯಾರೂ ಮೇಲು ಕೀಳಲ್ಲ ಅಂದ ಬಸವಣ್ಣ ಹುಟ್ಟಿದ್ದು ಬಸವನ ಬಾಗೇವಾಡಿಯಲ್ಲಿ. ಆದರೂ ನಾವು ಊರಲ್ಲಿ ಜಾತಿ ಕೇಳೋದು ಬಿಟ್ಟಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ಸೀರಿಯಸ್ ಕೇಸನ್ನು ವಿಜಯಪುರಕ್ಕೆ ತಂದಾಗ ಮಾತ್ರ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಬರೋ ಪ್ರಶ್ನೆ ಒಂದೇ: ಯಾವ ಗ್ರೂಪ್?

ನಮಗೆ 18 ತುಂಬಿದೆ. ತೂಕ ಕನಿಷ್ಠ 45 ಕೆಜಿ ಇದ್ದು, ಹಿಮೋಗ್ಲೋಬಿನ್ 12.5 ಇದ್ದರೆ ರಕ್ತ ಕೊಡಬಹುದು. ಹುಡುಗರು 90 ದಿನಕ್ಕೊಮ್ಮೆ, ಹುಡುಗಿಯರು 120 ದಿನಕ್ಕೊಮ್ಮೆ. ಸ್ಟೆಮ್ ಸೆಲ್ ದಾನಿಯಾಗಿ ಹೆಸರು ಬರೆಸೋಕೆ ಕೆನ್ನೆಯ ಒಳಗಿಂದ ಒಂದು ಸ್ವಾಬ್ ಸಾಕು. ಲ್ಯಾಂಡ್‌ಸ್ಟೈನರ್ ಹುಟ್ಟಿದ ಜೂನ್ 14 ಈಗ ವಿಶ್ವ ರಕ್ತದಾನಿಗಳ ದಿನ. ಆ ದಿನ ಎಕ್ಸಾಮ್ ಇದ್ದರೆ ಮರುದಿನ ಹೋಗೋಣ.