ತೊಗರಿಯ ಬೇರನ್ನು ಪರೀಕ್ಷಿಸಿದ ವಿಜ್ಞಾನಿ

ತೊಗರಿಬೇಳೆಯ ಸಾರು ಉಣ್ಣದವರು ನಮ್ಮಲ್ಲಿ ಯಾರಿದ್ದಾರೆ? ಜೋಳದ ಸಾಲುಗಳ ನಡುವೆ ಹಳದಿ ಹೂ ಬಿಟ್ಟು ನಿಂತ ತೊಗರಿಯನ್ನು ನೀವು ನೋಡಿರಬಹುದು. ಕೆಲವು ಸಲ ಹೂ, ಕಾಯಿ ಬಿಡುವ ಹೊತ್ತಿಗೇ ಗಿಡಗಳು ಬಾಡಿಬಿಡುತ್ತವೆ. ನೆಲದಲ್ಲಿ ತೇವವಿದ್ದರೂ ಎಲೆಗಳು ಜೋತುಬಿದ್ದು ಒಣಗುತ್ತವೆ. ವರ್ಷದ ದುಡಿಮೆ ಕಣ್ಣೆದುರೇ ಹಾಳಾಗುತ್ತದೆ. ಇದೇ ನೆಟೆ ರೋಗ. ಇದರ ಕಾರಣವನ್ನು ಕಂಡುಹಿಡಿದವರು ಎಡ್ವಿನ್ ಜಾನ್ ಬಟ್ಲರ್.

ಬಟ್ಲರ್ ಅವರು 1874ರ ಆಗಸ್ಟ್ 13ರಂದು ಐರ್ಲೆಂಡ್ ದೇಶದ ಕಿಲ್ಕೀ ಎಂಬ ಕಡಲತೀರದ ಊರಿನಲ್ಲಿ ಜನಿಸಿದರು. ಕಾರ್ಕ್ ನಗರದ ಕ್ವೀನ್ಸ್ ಕಾಲೇಜಿನಲ್ಲಿ ವೈದ್ಯಶಾಸ್ತ್ರ ಓದಿ 1898ರಲ್ಲಿ ಪದವಿ ಪಡೆದರು. ಅಲ್ಲಿ ಮಾರ್ಕಸ್ ಹಾರ್ಟೋಗ್ ಎಂಬ ಪ್ರಾಧ್ಯಾಪಕರು ಶಿಲೀಂಧ್ರಗಳ ಅಭ್ಯಾಸ ಮಾಡುತ್ತಿದ್ದರು. ಹಳಸಿದ ರೊಟ್ಟಿಯ ಮೇಲಿನ ಬೂಷ್ಟು, ಮಳೆಗಾಲದ ಅಣಬೆ ಇವೆಲ್ಲ ಶಿಲೀಂಧ್ರಗಳೇ. ಗುರುಗಳ ಆಸಕ್ತಿ ಶಿಷ್ಯನಿಗೂ ಹತ್ತಿತು. ಮನುಷ್ಯರ ವೈದ್ಯರಾಗಬೇಕಿದ್ದವರು ಗಿಡಗಳ ವೈದ್ಯರಾದರು.

ಪ್ಯಾರಿಸ್ ಮುಂತಾದ ಕಡೆ ಹೆಚ್ಚಿನ ಅಭ್ಯಾಸ ಮಾಡಿ ಬಟ್ಲರ್ 1901ರಲ್ಲಿ ಭಾರತಕ್ಕೆ ಬಂದರು. ಮೊದಲು ಕಲ್ಕತ್ತೆಯಲ್ಲಿದ್ದರು. 1905ರಲ್ಲಿ ಬಿಹಾರದ ಪೂಸಾ ಎಂಬಲ್ಲಿನ ಕೃಷಿ ಸಂಶೋಧನ ಸಂಸ್ಥೆಗೆ ಶಿಲೀಂಧ್ರ ತಜ್ಞರಾಗಿ ಸೇರಿದರು. ಅಲ್ಲಿನ ಹೊಲಗಳಲ್ಲಿ ತೊಗರಿ ಸೊರಗುತ್ತಿತ್ತು. 1906ರಲ್ಲಿ ಅವರು ಈ ರೋಗದ ಬಗ್ಗೆ ಮೊದಲ ವರದಿ ಬರೆದರು.

ಬಾಡುವುದು ಎಲೆ, ಆದರೆ ಕಾರಣ ಇರುವುದು ಬೇರಿನಲ್ಲಿ. ರೋಗ ತಗುಲಿದ ಗಿಡದ ಬೇರನ್ನೂ ಕಾಂಡವನ್ನೂ ಸೀಳಿದರೆ ಒಳಗೆ ಕಪ್ಪು ಗೆರೆಗಳು ಕಾಣುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀರು ಸಾಗುವ ಸಣ್ಣ ಕೊಳವೆಗಳಲ್ಲಿ ಶಿಲೀಂಧ್ರದ ಎಳೆಗಳು ತುಂಬಿರುತ್ತವೆ. ಮಣ್ಣಿನಲ್ಲಿರುವ ಶಿಲೀಂಧ್ರವು ಎಳೆಯ ಬೇರುಗಳ ಮೂಲಕ ಒಳಹೊಕ್ಕು ನೀರಿನ ದಾರಿಯನ್ನೇ ಮುಚ್ಚಿಬಿಡುತ್ತದೆ. ಆದುದರಿಂದ ತೇವವಿದ್ದರೂ ಗಿಡ ಬಾಯಾರಿ ಸಾಯುತ್ತದೆ.

ಇಷ್ಟು ಕಂಡಾಗಲೂ ಬಟ್ಲರ್ ಅವಸರ ಮಾಡಲಿಲ್ಲ. ಸತ್ತ ತೊಗರಿಯ ಮೇಲೆ ಇನ್ನೊಂದು ಶಿಲೀಂಧ್ರವೂ ಬೆಳೆಯುತ್ತಿತ್ತು. ಅಮೆರಿಕದಲ್ಲಿ ಹತ್ತಿ, ಕಲ್ಲಂಗಡಿಗಳ ಸೊರಗು ರೋಗಕ್ಕೆ ಅದೇ ಕಾರಣವೆಂದು ನಂಬಿದ್ದರು. ಹಾಗಾದರೆ ತೊಗರಿಯನ್ನು ಕೊಲ್ಲುವುದು ಎರಡರಲ್ಲಿ ಯಾವುದು? ಬಟ್ಲರ್ ಎರಡನ್ನೂ ಬೇರೆ ಬೇರೆಯಾಗಿ ಬೆಳೆಸಿ, ಆರೋಗ್ಯವಾದ ಗಿಡಗಳಿಗೆ ಸೋಂಕಿಸಿ ನೋಡಿದರು. ಒಂದು ಗಿಡವನ್ನು ಬಾಡಿಸಿತು. ಇನ್ನೊಂದು ಏನೂ ಮಾಡಲಿಲ್ಲ. ಅದು ಸತ್ತ ಬೇರನ್ನು ತಿಂದು ಬದುಕುವ ಶಿಲೀಂಧ್ರ ಮಾತ್ರವಾಗಿತ್ತು. ನಿಜವಾದ ರೋಗಕಾರಕಕ್ಕೆ ಅವರು 1910ರಲ್ಲಿ ಫ್ಯುಸೇರಿಯಂ ಉಡಂ ಎಂದು ಹೆಸರಿಟ್ಟರು. ಇಂದಿಗೂ ಲೋಕದ ವಿಜ್ಞಾನಿಗಳು ಅದನ್ನು ಅದೇ ಹೆಸರಿನಿಂದ ಕರೆಯುತ್ತಾರೆ.

ಈ ಶಿಲೀಂಧ್ರ ಮಣ್ಣಿನಲ್ಲಿ ಉಳಿದ ತೊಗರಿಯ ಕೂಳೆಗಳಲ್ಲಿ ಕೆಲವು ವರ್ಷ ಜೀವ ಹಿಡಿದಿರುತ್ತದೆ. ಅದಕ್ಕಾಗಿ ಒಂದೇ ಹೊಲದಲ್ಲಿ ವರ್ಷವರ್ಷವೂ ತೊಗರಿ ಬಿತ್ತಬಾರದು. ತೊಗರಿಯ ಜೊತೆ ಜೋಳ ಬಿತ್ತಿದರೆ ರೋಗ ಕಡಿಮೆಯಾಗುತ್ತದೆ. ರೋಗದ ಹೊಲದಲ್ಲಿಯೂ ಕೆಲವು ಗಿಡಗಳು ಬದುಕುಳಿಯುತ್ತವೆ. ಅಂಥವುಗಳಿಂದ ರೋಗ ತಡೆಯುವ ತಳಿಗಳನ್ನು ಆರಿಸುವ ಬಗ್ಗೆ ಬಟ್ಲರ್ 1908ರಲ್ಲಿಯೇ ಬರೆದರು. ಇಂದು ರೈತರ ಕೈಯಲ್ಲಿ ಅಂಥ ತಳಿಗಳಿವೆ.

ಬಟ್ಲರ್ 1918ರಲ್ಲಿ ಭಾರತದ ಬೆಳೆಗಳ ರೋಗಗಳನ್ನು ಕುರಿತು ದೊಡ್ಡ ಗ್ರಂಥ ಪ್ರಕಟಿಸಿದರು. 1920ರಲ್ಲಿ ಇಂಗ್ಲೆಂಡಿನ ಕ್ಯೂ ಎಂಬಲ್ಲಿ ಸ್ಥಾಪನೆಯಾದ ಶಿಲೀಂಧ್ರ ಸಂಸ್ಥೆಯ ಮೊದಲ ನಿರ್ದೇಶಕರಾದರು. 1939ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. 1943ರ ಏಪ್ರಿಲ್ 4ರಂದು ಅವರು ನಿಧನರಾದರು. ಭಾರತದ ಸಸ್ಯರೋಗ ವಿಜ್ಞಾನದ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ಅವರ ಕಾಲದಲ್ಲಿ ಪೂಸಾದಲ್ಲಿ ಕೂಡಿಸಿದ ಶಿಲೀಂಧ್ರಗಳ ಸಂಗ್ರಹ ಈಗ ದೆಹಲಿಯಲ್ಲಿದೆ.

ಮಣ್ಣಿನ ಶಿಲೀಂಧ್ರಗಳೆಲ್ಲ ಕೆಟ್ಟವಲ್ಲ. ಬೇರಿಗೆ ಸಾರ ಒದಗಿಸಿ ಗಿಡಕ್ಕೆ ನೆರವಾಗುವವೂ ಅನೇಕ. ಯಾವುದು ಮಿತ್ರ, ಯಾವುದು ಶತ್ರು ಎಂದು ಪರೀಕ್ಷಿಸಿಯೇ ಹೇಳಬೇಕು. ಮುಂದೆ ಹೊಲದಲ್ಲಿ ಬಾಡಿದ ತೊಗರಿ ಗಿಡ ಕಂಡರೆ ಎಲೆಯನ್ನಷ್ಟೇ ನೋಡಿ ಬರಬೇಡಿ. ಹಿರಿಯರನ್ನು ಕೇಳಿ ಅದನ್ನು ಕಿತ್ತು, ಬೇರನ್ನೂ ನೋಡಿ.